ನೀಲಿ ಅಂಗೈ ಅಕ್ಕಗ

ನಸುಕಿನ ಚೀಲ ಬಿಚ್ಚಿ ಸುರುವಿದರ
ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು, ಯಾರದೋ ಕೋರ್ಟಿನ ಸಮನ್ಸು.
ಎಲ್ಲಕ್ಕೂ ಸೆಕ್ಟರ್ ನಂಬರು, ಪ್ಲಾಟ್ ನಂಬರು, ಪಿನ್ನು.
ನಡುವ ಒಂದು ಲಕೋಟಿ,
ಅನ್ನದ ಅಗಳು ತಿಕ್ಕಿ ಅಂಟಿಸಿದ್ದು:

'ನೀಲಿ ಅಂಗೈ ಅಕ್ಕಗ ಮುಟ್ಟಬೇಕು.
ಬಣ್ಣಗಾರ ಓಣಿ, ಬಾವಿ ಕಡಿಂದ ಮೂರನೇ ಕಟ್ಟಿ,
ಕುಂಟ ಆಡು ಇರೋ ಮನಿ,
ಬಾಗಲಕೋಟಿ.'

ಸಾರ್ಟಿಂಗಿನ ಹುಡುಗ ಇರ್ಫಾನ ನಕ್ಕ:
'ಆಡಿನ ಪಿನ್‌ಕೋಡ್ ಎಷ್ಟ್ರೀ ಕಾಕಾ?'

ಆ ಓಣಿ ನೀರಾಗೈತಿ.
ಬಾವೀನೂ ನೀರಾಗ.
ನೀರಾಗ ಮುಳುಗಿದ ಬಾವಿಗೆ ಏನನ್ನಬೇಕು,
ನನಗ ಇನ್ನೂ ತಿಳಿದಿಲ್ಲ.

ಘಟಪ್ರಭಾ ಹಿಂದಕ್ಕ ತಿರುಗಿ ಊರೊಳಗ ಬಂದ ವರ್ಷ
ಮಂದಿಗೆ ಪರಿಹಾರ ಬಂತು, ಪ್ಲಾಟು ಬಂತು.
ವಿಳಾಸಕ್ಕ ಯಾರೂ ಪರಿಹಾರ ಕೊಡಲಿಲ್ಲ.
ಒಂದ ಓಣಿಯ ಹನ್ನೊಂದು ಮನಿ
ಮರದಾಗಿನ ಜ್ವಾಳ ಚೆಲ್ಲಿದಂಗ ನವನಗರದ ತುಂಬ.
ಆಗ ನಾ ನೂರು ಹಾಳಿಯ ನೋಟ್‌ಬುಕ್ ತಗೊಂಡೆ.
ಎಡಕ್ಕ ಹಳೇದು, ಬಲಕ್ಕ ಹೊಸಾದು:
ಹಲ್ಲಿನ ಡಾಕ್ಟರ ಅಟ್ಟದ ಮನಿ, ಸೆಕ್ಟರ್ ನಲವತ್ತೈದು.
ಜೋಡ ಬೇವಿನ ಗಿಡ, ಅಣ್ಣ ಇಪ್ಪತ್ತೊಂಬತ್ತಕ್ಕ, ತಮ್ಮ ಹುಬ್ಬಳ್ಳಿಗೆ.
ಪಿತ್ತಳಿ ಗುಂಡಪ್ಪ, ತೀರಿಕೊಂಡ. ಟಪಾಲ ಇನ್ನೂ ಬರತಾವ.

ಬಣ್ಣಗಾರ ಓಣಿಯ ಹಾಳಿಯೊಳಗ
ಆಡು ಇರಲಿಲ್ಲ.

ಮೂರು ದಿನ ಸೈಕಲ್ ತುಳಿದೆ.
ಮಾರಿ ನೋಡಲಿಲ್ಲ, ಅಂಗೈ ನೋಡಿದೆ:
ಹಿಟ್ಟಿನ ಅಂಗೈ, ಸಿಮೆಂಟಿನ ಅಂಗೈ,
ಮೊಬೈಲ್ ಹಿಡಿದು ತೆರೀಲಾರದ ಅಂಗೈ.
ಹಂಡೆ ಮುಳುಗಿ ಎಷ್ಟು ವರ್ಷಾತು, ಯಾರ ಕೈ ನೀಲಿ ಉಳಿದೀತು?
ಪೋಸ್ಟ್ ಮಾಸ್ತರ್ರು ಠಸ್ಸೆ ತೋರಿಸಿದರು:
ಅಪೂರ್ಣ ವಿಳಾಸ, ಕಳಿಸಿದವರಿಗೆ ವಾಪಸ್.
'ಎಲ್ಲಿಗ್ರೀ ವಾಪಸ್? ಹಿಂದ ಏನೂ ಬರದಿಲ್ಲ.
ಜಮಖಂಡಿ ಠಸ್ಸೆ ಅಷ್ಟ, ಅದೂ ಅರ್ಧಾ ಮೂಡೇತಿ.'

ಕಡೀಕ ಹೇಳಿದಾಕಿ ಹಾಲಿನ ದುರುಗವ್ವ:
'ಆಡು ಅಲ್ಲೋ ಮಾರಾಯಾ, ಅಕಿ ಅತ್ತಿ!
ಕುಂಟತಿದ್ದಳು, ದಿನಾ ಒದರತಿದ್ದಳು,
ಓಣ್ಯಾಗ ಎಲ್ಲಾರೂ ಆಡು ಅಂತನ ಕರೀತಿದ್ವಿ.
ಮೂವತ್ತೊಂದಕ್ಕ ಹೋಗು. ಗಿರಣಿ ಬಾಜೂಕ. ಸೋನವ್ವ ಬಣ್ಣದ.'

ಸೀರಿಗೆ ಫಾಲ್ಸು ಹಚ್ಚತಿದ್ದಳು, ಮಶಿನ್ ನಿಲ್ಲಿಸಲಿಲ್ಲ.
ಲಕೋಟಿ ಮ್ಯಾಲಿಂದು ಓದಿದೆ.
ನಿಂತಿತು ಮಶಿನ್.
ಎರಡೂ ಅಂಗೈ ಬಿಚ್ಚಿ ಹಿಡಿದಳು, ಎಲ್ಲಾರ ಕೈಯಂಗ ಬರೇ ಕೈ.
'ಏನ ಗುರ್ತು ಕೊಡ್ಲಿ ಅಣ್ಣಾ?
ಉಗುರು ಬೆಳೀತಾವಲ್ಲ,
ನೀಲಿ ನಾನ ಕತ್ತರಿಸಿ ಒಗದೀನಿ.'

ಒಳಗ ಮೂವತ್ತೈದು ರೂಪಾಯಿ.
ಸಾದಾ ಟಪಾಲಿನಾಗ ರೊಕ್ಕ ಇಡಬಾರದು,
ನಾ ಗಿರಣಿ ಕಡೆ ನೋಡಿದೆ.
'ಅಕ್ಕಾ, ನನ್ನ ಮದವಿ ಸೀರಿಯ ನೂಲು
ಎರಡ ಸಲ ಅದ್ದಿ ಕೊಟ್ಟಿದ್ದಿ. ಉದ್ರಿ ಇತ್ತು.
ಬಣ್ಣ ಇನ್ನೂ ಬಿಟ್ಟಿಲ್ಲ.'
ಹೆಸರು ಹಾಕಿಲ್ಲ.

ಸೋನವ್ವ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.
'ಇಪ್ಪತ್ತೈದ ಇತ್ತು ಉದ್ರಿ. ಹತ್ತು ಹೆಚ್ಚಿಗಿ ಬಂದೇತಿ.
ನನಗ ಬ್ಯಾಡ. ಲಕೋಟಿ ಐತೇನು? ಬರಿ.'
'ಯಾರ ಹೆಸರಿಗೆ?'
ಸೂಜಿ ಕಚಗೊಂಡ ತುಟಿಯೊಳಗ ಬಾಳೊತ್ತು ವಿಚಾರ ಮಾಡಿದಳು.
'ಜಮಖಂಡಿ. ಬಣ್ಣ ಬಿಡದ ನೀಲಿ ಸೀರಿಯಾಕಿಗೆ.
ನಕ್ಕರ ಒಂದ ಗಲ್ಲಕ್ಕ ಕುಣಿ ಬೀಳತೈತಿ, ಎಡಕ್ಕ.'
ತಡೆದಳು.
'ಅಲ್ಲ, ಬಲಕ್ಕ.'

ಹಿಂದ ನಾ ಸೆಕ್ಟರು, ಪ್ಲಾಟು ಬರೀಲಿಕ್ಕೆ ಹೋದರ
ಪೆನ್ನು ತಡೆದಳು:
'ಹಂಗ ಬರದ್ರ ಅಕಿಗೆ ನಾ ಯಾರಂತ ತಿಳೀತೈತೇನು?'

ಹತ್ತರ ನೋಟು ಒಳಗ ಹೋತು.
ನಾ ಮತ್ತ ಗಿರಣಿ ಕಡೆ ನೋಡಿದೆ.
ಸ್ಟ್ಯಾಂಪ್ ಹಚ್ಚಿ ಠಸ್ಸೆ ಒತ್ತಿದೆ, ಪೂರಾ ಮೂಡುವಂಗ.

ಜಮಖಂಡಿಯ ಅಣ್ಣಾ, ಆ ಬೀಟಿನ್ಯಾಗ ಯಾರಿದ್ದೀಯೋ,
ಇನ್ನ ನಿನ್ನ ಪಾಳಿ.