ನಗರದ ಬಾವಿಯ ಬಾಣಗಾರನಿಗೆ

ಬಾವಿಯ ಕೆಸರು ಬಗೆದವರಿಗೆ ಮೊದಲು ಸಿಕ್ಕಿದ್ದು ವಾಸನೆಯಂತೆ,
ಆಮೇಲೆ ನಿನ್ನ ಕಬ್ಬಿಣದ ಕೊಳವೆಗಳು.
ಶಿವಮೊಗ್ಗದ ಮ್ಯೂಸಿಯಮ್ಮಿಗೆ ಕಾಲಿಟ್ಟೊಡನೆ
ನನಗೂ ಬಡಿಯಿತು ಅದೇ:
ಗಂಧಕ, ಇದ್ದಿಲು, ಪೆಟ್ಲುಪ್ಪು.
ಇನ್ನೂರು ಚಿಲ್ಲರೆ ಮಳೆಗಾಲ ಕುಡಿದೂ
ಮದ್ದು ತನ್ನ ಹೆಸರು ಮರೆತಿಲ್ಲ.

"ಗ್ಲೌಸ್ ಹಾಕ್ಕೊಳ್ಳಿ ಮೇಡಂ" ಅಂದಳು
ರಿಜಿಸ್ಟರ್ ಹಿಡಿದ ಹುಡುಗಿ, ಕೌಸರ್.
ಬೇಡ ಅನ್ನಬಾರದಿತ್ತು. ಅಂದೆ.

ನನ್ನ ಪರಿಚಯ ಹೇಳುತ್ತೇನೆ:
ರೆಜಿನಾ, ಭದ್ರಾವತಿ,
ಕಬ್ಬಿಣದ ಕಾರ್ಖಾನೆಯ ಮೌಲ್ಡರ್ ಸವರಿಯಪ್ಪನ ಮೂರನೇ ಮಗಳು.
ಅಪ್ಪನ ಮುಂಗೈ ತುಂಬ ಕಿಡಿ ಕೂತ ಕಲೆ.
ರಾತ್ರಿ ಪಾಳಿ ಮುಗಿಸಿ ಮಲಗಿದವನ ಕೈ ಮೇಲೆ
ನಾವು ಮೂವರೂ ಸಪ್ತರ್ಷಿ ಹುಡುಕುತ್ತಿದ್ದೆವು.
ಒಂದು ಚುಕ್ಕಿ ಕಡಿಮೆ ಬೀಳುತ್ತಿತ್ತು.
"ಮುಂದಿನ ವಾರ ಕೊಡ್ತದೆ ಕುಲುಮೆ"
ಅನ್ನುತ್ತಿದ್ದ, ಕಣ್ಣು ಬಿಡದೆ.

ಕಲಿತ ಕೆಲಸ ನಿನ್ನದೇ.
ಕೊಳವೆಗೆ ಮದ್ದು ಎರೆಯುವುದು,
ದೋಸೆ ಹಿಟ್ಟಿಗಿಂತ ಗಟ್ಟಿ, ಹಲಸಿನ ಮೇಣಕ್ಕಿಂತ ಸಡಿಲ;
ನಡುವೆ ನಕ್ಷತ್ರದ ಆಕಾರದ ಅಚ್ಚು ನಿಲ್ಲಿಸಿ
ಗಟ್ಟಿಯಾದ ಮೇಲೆ ಮೆಲ್ಲಗೆ ಎಳೆಯುವುದು.
ಒಳಗೆ ಉಳಿಯುತ್ತದೆ ಆರು ಮೂಲೆಯ ಕತ್ತಲೆ.
ಬೆಂಕಿ ಅಲ್ಲಿ ಹುಟ್ಟಿ ಗೋಡೆಯತ್ತ ತಿನ್ನುತ್ತ ಬರುತ್ತದೆ.
ಹೊರಗೆ ನಿಂತವರು ಹೊಗೆ ನೋಡಿ ಚಪ್ಪಾಳೆ ತಟ್ಟುತ್ತಾರೆ.

ಕಡಲ ದಂಡೆಯ ಮೊದಲ ವರ್ಷಗಳಲ್ಲಿ
ನಾವು ಕಳಿಸಿದ್ದು ಗಾಳಿಯನ್ನು ವಿಚಾರಿಸಿ ಬರಲು.
ಅಷ್ಟು ಮೇಲೆ ನೀನು ಯಾವ ಕಡೆ ಬೀಸುತ್ತೀ?
ಇಷ್ಟೇ ಪ್ರಶ್ನೆ.

ಆಮೇಲೆ ಮೂತಿ ಬದಲಾಯಿತು.
ಅದೇ ಮೋಟರು, ಅದೇ ನಕ್ಷತ್ರ;
ಮೂತಿಯ ತೂಕ ಮಾತ್ರ ಚೀಟಿಯಲ್ಲಿ ಬಂತು.
ಒಳಗೇನಿದೆ ಎಂದು ಕೇಳುವ ಕಾಲಂ
ಫಾರಮಿನಲ್ಲಿ ಇರಲಿಲ್ಲ.
ಸಹಿ ಹಾಕಿದೆ. ಒಳ್ಳೆಯ ಕೈಬರಹ ನನ್ನದು.

ಗಡಿಯಲ್ಲಿ ಯುದ್ಧವಾದ ಬೇಸಿಗೆ ನಮಗೆ ಮೂರು ಪಾಳಿ.
ಮಿಕ್ಸಿಂಗ್ ಶೆಡ್ಡಿನಲ್ಲಿ ಕಿಡಿ ಹಾರಿದ ಮಧ್ಯಾಹ್ನ
ನಾನು ಊಟದ ಡಬ್ಬಿ ತೊಳೆಯಲು ಹೊರಗೆ ಬಂದಿದ್ದೆ.
ಒಳಗಿದ್ದವನು ಪರಮೇಶ್ವರ ಗುಡಿಗಾರ, ಸಾಗರದವನು,
ಗಂಧದ ಮರ ಕೆತ್ತುವವರ ಮನೆಯ ಹುಡುಗ;
ಅಚ್ಚಿನ ಮೂಲೆಗಳನ್ನು ಅವನಷ್ಟು ನುಣುಪಾಗಿ ಉಜ್ಜುವವರಿರಲಿಲ್ಲ.
ಅವನ ಅಚ್ಚುಗಳನ್ನು ಇನ್ನೂ ಆರು ವರ್ಷ ಬಳಸಿದೆವು.

ಸುಟ್ಟಗಾಯಕ್ಕೂ ಮದ್ದು ಅನ್ನುತ್ತೇವಲ್ಲ ನಾವು.
ಆಸ್ಪತ್ರೆಯ ಬಾಗಿಲಲ್ಲಿ ಅವನ ತಾಯಿ
"ಮದ್ದು ಹಾಕಿದ್ದಾರಾ?" ಎಂದು ಕೇಳಿದಾಗ
ಯಾವುದಕ್ಕೆ ಹೌದು ಅಂದೆನೋ.

ನಿವೃತ್ತಿಗೆ ಎರಡು ವರ್ಷ ಇರುವಾಗ
ನಾವು ಎರೆದದ್ದೊಂದು, ಚಂದ್ರನ ದಾರಿ ಹಿಡಿದ ರಾಕೆಟ್ಟಿನ
ಪಕ್ಕೆಗೆ ಅಂಟಿಕೊಂಡು ಹೋಯಿತು.
ನಿಮಿಷದಷ್ಟು ಉರಿದು, ಕಳಚಿ, ಕಡಲಿಗೆ ಬಿತ್ತು.
ಅವತ್ತು ಮಾತ್ರ ಅತ್ತೆ.
ಯಾರೋ ಪೇಡೆ ಹಂಚಿದರು.

ಈಗ ನಿನ್ನ ಕೊಳವೆ ನನ್ನ ಅಂಗೈಯಲ್ಲಿದೆ.
ಕ್ಯಾಲಿಪರ್ ಇಟ್ಟು ನೋಡಿದೆ: ಒಂದು ಬದಿಯ ತಗಡು ತುಸು ದಪ್ಪ,
ಸುತ್ತಿಗೆಯ ಗುರುತು ಓರೆ.
ಎಡಗೈಯವನಾ ನೀನು?
ಇದಕ್ಕೆ ಕಟ್ಟಬೇಕಿದ್ದ ಬಿದಿರು ಎಲ್ಲೂ ಸಿಗಲಿಲ್ಲವಂತೆ,
ಬಿದಿರಿನ ಹೆಸರೇ ಹೊತ್ತಿದ್ದ ಊರಿನಲ್ಲಿ.

ಶತ್ರು ಬಂದನೆಂದು ಬಚ್ಚಿಟ್ಟರು, ಅನ್ನುತ್ತಾರೆ ತಿಳಿದವರು.
ಇರಬಹುದು. ನನಗೆ ಬೇರೆ ಕಾಣುತ್ತದೆ:
ರಾತ್ರಿ ನೀನೊಬ್ಬನೇ, ಹಗ್ಗ, ಬುಟ್ಟಿ,
ಒಂದೊಂದನ್ನೂ ನೀರಿಗೆ ಇಳಿಸುತ್ತಿದ್ದೀ
ಸದ್ದಾಗದ ಹಾಗೆ, ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ.
ಸುಳ್ಳಿರಬಹುದು. ನನಗೆ ಬೇಕಾಗಿದ್ದಕ್ಕೆ ಹೀಗೆ ಕಂಡಿತೋ ಏನೋ.
ನಮ್ಮ ಕ್ಯಾಂಪಸ್ಸಿನಲ್ಲೂ ಒಂದು ಬಾವಿ ಇತ್ತು,
ತೆಂಗಿನ ಮರಗಳ ಆಚೆ.
ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಲಿಲ್ಲ.

"ಈಗಲೂ ಹಾರುತ್ತಾ ಮೇಡಂ?"
ಉದ್ದ, ವ್ಯಾಸ, ತೂಕ ಬರೆಸಿದೆ ಕೌಸರಳಿಗೆ.
'ಸ್ಥಿತಿ' ಎಂಬಲ್ಲಿ ನಾನು ತಡೆದೆ.
ಅವಳೇ ಬರೆದುಕೊಂಡಳು: ತುಕ್ಕು.

ಭದ್ರಾವತಿ ಬಸ್ಸಿನಲ್ಲಿ ಕಂಡಕ್ಟರ್
ನಾನು ಕೊಟ್ಟ ನೋಟನ್ನು ತಿರುಗಿಸಿ ನೋಡಿದ.
ಅಂಚಿನಲ್ಲಿ ಒಂದು ಕೆಂಪು ಹೆಬ್ಬೆಟ್ಟು,
ಸಹಿ ಬಾರದವರು ಒತ್ತುವಂಥದ್ದು.