ನಕಲಿ ರೋಗಿ

ಈ ವರ್ಷದಿಂದ ಹೊಸ ಪಾಠಕ್ರಮವಂತೆ ಅಜ್ಮಾನಿನ ಕಾಲೇಜಿನಲ್ಲಿ:
ಹೆಣ ಆಮೇಲೆ, ಮೊದಲ ವಾರವೇ ಮನುಷ್ಯ.
ಆ ಮನುಷ್ಯ ನಾನು. ಗಂಟೆಗೆ ಅರವತ್ತು ದಿರ್ಹಂ,
ಚಹಾ ಬೇರೆ.
ಉಳಿದ ದಿನ ಇದೇ ಕಾಲೇಜಿನ ಬಸ್ಸು ಓಡಿಸುತ್ತೇನೆ.

ಕೊಟ್ಟ ಹಾಳೆಯಲ್ಲಿ ನನ್ನ ಹೆಸರು ಹನೀಫ್, ವಯಸ್ಸು ಐವತ್ತೆರಡು,
ಮೂರು ದಿನದಿಂದ ಎದೆಯುರಿ, ಮೆಟ್ಟಿಲು ಹತ್ತಿದರೆ ಜಾಸ್ತಿ.
ಕೇಳಿದರಷ್ಟೇ ಹೇಳಬೇಕು: ಅಪ್ಪ ಹೃದಯ ನಿಂತು ಸತ್ತದ್ದು.
ನನ್ನಪ್ಪ ಸತ್ತದ್ದು ಗಂಗೊಳ್ಳಿಯಲ್ಲಿ, ದೋಣಿ ಮಗುಚಿ.
ಅದು ಹಾಳೆಯಲ್ಲಿಲ್ಲ.

ಮೊದಲ ಹುಡುಗ ಗಡಿಯಾರ ನೋಡಿ ನೋಡಿ
ಪ್ರಶ್ನೆಗಳನ್ನು ಮೀನಿನ ಬುಟ್ಟಿ ಇಳಿಸಿದ ಹಾಗೆ ಇಳಿಸಿ ಹೋದ.

ಆಮೇಲೆ ಬಂದವಳು ಮೌಝಾ, ಹತ್ತೊಂಬತ್ತೂ ಆಗಿರಲಿಕ್ಕಿಲ್ಲ.
ಕುರ್ಚಿ ಹತ್ತಿರ ಎಳೆದಳು,
ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಬಿಸಿ ಮಾಡಿದಳು.
ಏಸಿ ಹದಿನೆಂಟರಲ್ಲಿತ್ತು.
"ರಾತ್ರಿ ನಿದ್ದೆ ಬರುತ್ತದಾ?"
ಹಾಳೆಯಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ.
ಬಾಯಿಂದ ಬಿದ್ದದ್ದು ಶೀನ ಖಾರ್ವಿಯ ಉತ್ತರ:
ಇಲ್ಲ.
ಅವಳು ಬರೆದುಕೊಂಡಳು.

ಕೊನೆಗೆ ಅಂಕ ಕೊಡುವುದೂ ನಾನೇ.
ಅಪ್ಪನ ಬಗ್ಗೆ ಕೇಳಲು ಮರೆತಿದ್ದಳು, ಎರಡು ಕಳೆದೆ.
ಬಿಸಿ ಮಾಡಿದ ಬಿಲ್ಲೆಗೆ ಕಾಲಮ್ಮಿಲ್ಲ;
ಅಂಚಿನಲ್ಲಿ ಬರೆದೆ, ಕನ್ನಡದಲ್ಲಿ.
ಯಾರು ಓದುತ್ತಾರೋ.
ಆರೂವರೆಗೆ ಹಾಸ್ಟೆಲ್ ಟ್ರಿಪ್ಪಿದೆ.