ಹದಿಮೂರರ ಮಗ್ಗಿ

ಹನ್ನೊಂದು ವರ್ಷ ನಾನೇ ಹಾಕಿದ್ದು.
ಚಳ್ಳಕೆರೆ ಗೇಟಿನಿಂದ ಮೆದೇಹಳ್ಳಿ ರಸ್ತೆಯ ಕೊನೆಯವರೆಗೆ
ಬಚ್ಚಲು ಬಚ್ಚಲಿಗೂ ನಾಲ್ಕು ಮೊಳೆ, ಕಿತ್ತಳೆ ಬಣ್ಣದ ಪೈಪು,
ಎರಡು ದಪ್ಪ ಸೆಲ್ಲು.
ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್, ಭಗ್.
ನೀಲಿ ಬೆಂಕಿ ಕಂಡು ಮಕ್ಕಳು ಚಪ್ಪಾಳೆ ತಟ್ಟಿದ್ದೂ ಉಂಟು.
ದಾದಾಪೀರ್ ಬಂದ ಅಂದರೆ ಬಿಸಿನೀರು ಬಂತು ಅಂತ ಮಾತಿತ್ತು.

ಈಗ ಅದೇ ಪುಸ್ತಕ ಹಿಡಿದು ಅದೇ ಬಾಗಿಲು ತಟ್ಟುತ್ತೇನೆ.
ಇನ್ನೂರ ಹದಿನಾಲ್ಕು ಮನೆ.
ಪೆನ್ನಿನಲ್ಲಿ ಬರೆದದ್ದಕ್ಕೆ ಪೆನ್ಸಿಲಿನ ಗೀಟು.

"ಹಾಕಿದೋನೇ ಕೀಳಾಕೆ ಬಂದ್ಯಾ?"
ಬುರುಜನಹಟ್ಟಿಯ ತಿಪ್ಪೀರಮ್ಮ ನಗುತ್ತ ಕೇಳಿದಳು,
ನಗು ಅರ್ಧಕ್ಕೇ ನಿಂತಿತು.
"ಆಗ್ಲೂ ಕಾಸು ಇಸ್ಕಂಡೆ, ಈಗ್ಲೂ ಇಸ್ಕಂತೀಯ."
ಹೌದಮ್ಮ, ಅಂದೆ. ಬೇರೆ ಏನನ್ನಲಿ.

ಅವಳಿಗೆ ಹೇಗೆ ಹೇಳುವುದು,
ತಾರಸಿ ಮೂಲೆಯಲ್ಲಿ ಕೂರುವ ಈ ಡಬ್ಬಿ
ಗಾಳಿಯೊಳಗಿನ ಬಿಸಿ ಹೀರಿ ನೀರಿಗೆ ಕೊಡುತ್ತದೆ ಅಂತ?
"ಡಿಸೆಂಬರ್ ಗಾಳಿಯಾಗೆ ಎಂಥಾ ಬಿಸಿ, ನಿನ್ ತಲೆ."
ಕಂಪನಿಯವರು ಕೊಟ್ಟ ಹಾಳೆ ತುಂಬ ಬಾಣದ ಗುರುತು.
ಮಡಚಿ ಜೇಬಿಗಿಟ್ಟೆ.
ಮೊಸರೊಳಗೆ ಬೆಣ್ಣೆ ಕಾಣ್ತದಾ ಅಮ್ಮ? ಕಡೆದ್ರೆ ಬರಲ್ವಾ?
ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಕೇಳಿದಳು:
"ಕಡೆಯಾಕೆ ಕರೆಂಟೆಷ್ಟು?"

ಜೋಗಿಮಟ್ಟಿ ಕಡೆ ಬೆರಳು ಮಾಡಿದೆ.
ಗುಡ್ಡದ ಮೇಲೆ ಗಾಳಿಗಂಬಗಳು ನಿಧಾನಕ್ಕೆ ತಿರುಗುತ್ತಿದ್ದವು,
ಒಂದು ನಿಂತಿತ್ತು.
ಅವಳು ಆ ನಿಂತದ್ದನ್ನೇ ನೋಡಿದಳು.

ಕೆಳಗೋಟೆಯ ಪೋಸ್ಟ್‌ಮಾಸ್ಟರಿಗೆ ಮಾತು ಬೇಕಾಗಲಿಲ್ಲ.
ಸಂಜೆ ಏಳಕ್ಕೆ ಕೋಟೆಯ ಬಂಡೆಗೆ ಬೆನ್ನು ಕೊಟ್ಟು ಕೂರುವ ಮನುಷ್ಯ;
ಬಿಸಿಲು ಹೋದಮೇಲೂ ಕಲ್ಲು ಕೊಡುತ್ತಲೇ ಇರುತ್ತದೆ ಅಂತ
ಅವರ ಬೆನ್ನಿಗೇ ಗೊತ್ತು.
ಸೋಲಾರ್ ಬರೆಸಿಕೊಂಡು ಕಾಫಿ ಕೊಟ್ಟು ಕಳಿಸಿದರು.

ಅರವತ್ತೊಂದನೇ ಸಾಲು. ಹೊಳಲ್ಕೆರೆ ರಸ್ತೆ, ಹಸಿರು ಗೇಟು.
ಗವಾಕ್ಷಿ ಮುಚ್ಚಬೇಡಿ ಅಂತ ಹೇಳಿದ್ದೆನಾ ನಾನು?
ಹೇಳಿದ್ದೆ ಅನ್ನಿಸುತ್ತದೆ, ಹಗಲಲ್ಲಿ.
ಚಳಿಗೆಂದು ಹಳೇ ಕ್ಯಾಲೆಂಡರಿನ ರಟ್ಟು ಅಂಟಿಸಿದ್ದರು.
ಹುಡುಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು.
ವಾಸನೆಯಿಲ್ಲ, ಹೊಗೆಯಿಲ್ಲ,
ಕೆಮ್ಮು ಕೂಡ ಬರಲಿಲ್ಲವಂತೆ.
ಪಕ್ಕದ ಮನೆಯ ಗಾರೆಯವನು ಹಾರೆ ತಂದು ಚಿಲಕ ಮುರಿದ.
ಬದುಕಿದಳು.
ಬದುಕಿದಳು, ಅಂತ ಎರಡು ಸಲ ಬರೆಯುತ್ತೇನೆ.

ಮೊನ್ನೆ ಅವರೇ ಫೋನು ಮಾಡಿದರು.
ಬಾಗಿಲು ತೆರೆದವಳು ಅವಳೇ, ರುಚಿತಾ, ನನಗಿಂತ ಎತ್ತರ.
ನಾನು ಕೊರೆದ ನಾಲ್ಕು ತೂತು ಗೋಡೆಯಲ್ಲಿ ಹಾಗೇ ಇದ್ದವು,
ಒಂದಕ್ಕೆ ಸೋಪಿನ ಡಬ್ಬಿ ನೇತುಹಾಕಿದ್ದರು.
ಇಷ್ಟು ವರ್ಷ ಅಡುಗೆಮನೆಯಲ್ಲಿ ಕಾಯಿಸಿ
ಹೊತ್ತು ತಂದಿದ್ದಾರೆ ನೀರು, ಬಕೆಟ್ಟಿಗೆ ಬಟ್ಟೆ ಹಿಡಿದು.

ಎರಡು ದಿನದ ಕೆಲಸ.
ಮೂರನೇ ಬೆಳಿಗ್ಗೆ ನಲ್ಲಿ ತಿರುಗಿಸಿದೆ.
ಟಿಕ್ ಇಲ್ಲ, ಭಗ್ ಇಲ್ಲ.
ಮೊಣಕೈ ಒಡ್ಡಿದಳು,
ಕೂಸಿನ ನೀರಿನ ಹದ ನೋಡುವವರ ಹಾಗೆ.
"ಬೆಂಕಿ ಎಲ್ಲೈತೆ ಅಂಕಲ್?"
ಇಲ್ಲಮ್ಮ, ಅಂದೆ.

ಪುಸ್ತಕದ ಮೊದಲ ಸಾಲು ನನ್ನದೇ ಮನೆ.
ಗೀಟು ಎಳೆದಿಲ್ಲ ಇನ್ನೂ.
ಬಾಡಿಗೆಯದು. ತಾರಸಿ ತುಂಬ ಮಾಲೀಕರ ಹುಣಸೆಹಣ್ಣು;
ಬರೋ ವರ್ಷ ನೋಡಾನ, ಅನ್ನುತ್ತಾರೆ.
ಬಚ್ಚಲ ಕಿಟಕಿಯ ಗಾಜು ಕಳಚಿಟ್ಟಿದ್ದೇನೆ.
ಚಳಿ ನುಗ್ಗುತ್ತದೆ. ತೌಫೀಕ್ ನಡುಗುತ್ತ ಒಳಗೆ ಹೋಗುತ್ತಾನೆ,
ನಾನು ಬಾಗಿಲಿಗೆ ಕಿವಿ ಕೊಟ್ಟು ಹೊರಗೆ.
ಮಗ್ಗಿ ಹೇಳೋ. ಜೋರಾಗಿ.
ಹದಿಮೂರೊಂದ್ಲ ಹದಿಮೂರು,
ಹದಿಮೂರೆರಡ್ಲ ಇಪ್ಪತ್ತಾರು,
ಹದಿಮೂರ್ಮೂರ್ಲ ಮೂವತ್ತೊಂಬತ್ತು,
ಹದಿಮೂರ್ನಾಕ್ಲ

ಯಾಕೋ ನಿಲ್ಲಿಸಿದೆ?

"ಸೋಪು ಬಾಯಿಗೋಯ್ತು ಅಬ್ಬಾ."

ಐವತ್ತೆರಡು, ಅನ್ನುತ್ತೇನೆ.
ಮುಂದೆ ಹೇಳು.